ಅತಿಥಿಯೂ ಒಕ್ಕಲೂ

ನಮ್ಮ ಕಡೆ ದಿಕ್ಕಿಲ್ಲದವನೊಬ್ಬನನ್ನು ಕಂಡರೆ 'ಪಾಪ, ಪರದೇಶಿ' ಎನ್ನುತ್ತಾರೆ. ಅವನು ಹುಟ್ಟಿದ್ದು ಆ ಊರಿನಲ್ಲಿಯೇ ಇರಬಹುದು. ಅವನ ತಾತ ಮುತ್ತಾತಂದಿರು ಅದೇ ಕೆರೆಯ ನೀರು ಕುಡಿದು ಬದುಕಿದವರೇ ಇರಬಹುದು. ಆದರೂ ಮನೆ ಮಠವಿಲ್ಲ, ಹೇಳುವವರು ಕೇಳುವವರಿಲ್ಲ ಎಂದಾಯಿತೋ, ಅವನು ಪರದೇಶಿ. ಬೇರೆ ದೇಶದವನು ಎಂಬರ್ಥದ ಮಾತು ಯಾರೂ ಇಲ್ಲದವನು ಎಂಬರ್ಥಕ್ಕೆ ತಿರುಗಿತಷ್ಟೆ. ಈ ತಿರುಗುವಿಕೆಯಲ್ಲಿ ನಮ್ಮ ಜನದ ಬಹುಕಾಲದ ಅನುಭವ ಅಡಗಿದೆ. ಊರು ಬಿಟ್ಟು ಬಂದವನಿಗೆ ಮೊದಲು ಕಳೆದುಹೋಗುವುದು ಹೊಲವಲ್ಲ, ಹಣವೂ ಅಲ್ಲ. ತನ್ನನ್ನು ಇಂಥವರ ಮಗನೆಂದು ಗುರುತಿಸಿ ಮಾತನಾಡಿಸುವ ನಾಲ್ಕು ಜನ. ಆ ನಾಲ್ಕು ಜನ ಇಲ್ಲದೆ ಹೋದರೆ ಸ್ವಂತ ಊರಿನಲ್ಲಿದ್ದೂ ಮನುಷ್ಯ ಪರದೇಶಿಯೇ.

ಹೊರಗಿನಿಂದ ಬಂದವನಿಗೆ ನಮ್ಮಲ್ಲಿ ಇನ್ನೊಂದು ಹೆಸರೂ ಇದೆ. ಅದು ಗೌರವದ ಹೆಸರು. ಅವನು ಅತಿಥಿ. ತೈತ್ತಿರೀಯೋಪನಿಷತ್ತು ಅವನನ್ನು ದೇವರಂತೆ ಕಾಣಬೇಕೆಂದು ವಿಧಿಸಿತು. ಈ ಮಾತನ್ನು ನಾವು ಸಭೆಗಳಲ್ಲಿಯೂ ಪ್ರವಾಸೋದ್ಯಮದ ಜಾಹೀರಾತುಗಳಲ್ಲಿಯೂ ಬೇಕಾದಷ್ಟು ಕೇಳಿದ್ದೇವೆ. ಆದರೆ ಅತಿಥಿಯೆಂದರೆ ಯಾರು ಎಂಬುದನ್ನು ಧರ್ಮಶಾಸ್ತ್ರಕಾರರು ಎಷ್ಟು ಎಚ್ಚರಿಕೆಯಿಂದ ಹೇಳಿದ್ದಾರೆಂಬುದನ್ನು ಗಮನಿಸಿದವರು ಕಡಿಮೆ. ಮನುಸ್ಮೃತಿಯ ಪ್ರಕಾರ ಒಂದು ರಾತ್ರಿ ಮಾತ್ರ ತಂಗುವವನು ಅತಿಥಿ. ಅವನ ಇರುವಿಕೆ ನಿತ್ಯವಲ್ಲವಾದ್ದರಿಂದಲೇ ಅವನಿಗೆ ಆ ಹೆಸರು. ಬೆಳಗಾದರೆ ಹೊರಟುಹೋಗುತ್ತಾನೆಂಬ ಭರವಸೆಯ ಮೇಲೆ ಕೊಟ್ಟ ದೇವತ್ವ ಅದು. ಹಾಗಾದರೆ ಬೆಳಗಾದ ಮೇಲೂ ಹೊರಡದವನು ಯಾರು? ಹೊರಡಲು ಊರೇ ಇಲ್ಲದವನನ್ನು ಏನೆಂದು ಕರೆಯತಕ್ಕದ್ದು?

ಪರದೇಶಿ ಎಂದರೆ ಕರುಣೆ, ಅತಿಥಿ ಎಂದರೆ ಪೂಜೆ. ಇವೆರಡರ ನಡುವೆ ಕನ್ನಡದಲ್ಲಿ ಮೂರನೆಯ ಮಾತೊಂದಿದೆ: ಒಕ್ಕಲು. ಊರನ್ನು ಅಳೆಯುವಾಗ ನೂರು ಒಕ್ಕಲಿನ ಊರು, ಇನ್ನೂರು ಒಕ್ಕಲಿನ ಊರು ಎನ್ನುತ್ತೇವೆ. ದೇವರಿಗೆ ನಡೆದುಕೊಳ್ಳುವ ಮನೆತನದವರು ಆ ದೇವರ ಒಕ್ಕಲು. ಹೊಸಮನೆಗೆ ಹೋಗುವುದು ಒಕ್ಕಲಾಗುವುದು. ಇದ್ದವನನ್ನು ಹೊರಡಿಸುವುದು ಒಕ್ಕಲೆಬ್ಬಿಸುವುದು. ನೆಲೆ, ದುಡಿಮೆ, ಭಕ್ತಿ, ಲೆಕ್ಕ, ಇವೆಲ್ಲ ಸೇರಿದ ಮಾತು ಅದು. ಹೊಸ ದೇಶಕ್ಕೆ ಬಂದವನ ಕಷ್ಟವನ್ನೂ ಸೌಭಾಗ್ಯವನ್ನೂ ಒಂದೇ ಪ್ರಶ್ನೆಯಲ್ಲಿ ಅಡಗಿಸಬಹುದಾದರೆ ಅದು ಇದು: ಅತಿಥಿ ಒಕ್ಕಲಾಗುವುದು ಯಾವಾಗ? ಅದಕ್ಕೆ ಅವನು ಕೊಡಬೇಕಾದ್ದೇನು, ಊರು ಬಿಡಬೇಕಾದ್ದೇನು?

ಈ ಪ್ರಶ್ನೆಯನ್ನು ಕೇಳಲು ಸಮುದ್ರ ದಾಟಬೇಕಾಗಿಲ್ಲ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ ನಿಂತು ಸುತ್ತ ನೋಡಿದರೆ ಸಾಕು. ಊರಿನ ಲಕ್ಷ್ಮೀನರಸಿಂಹ ದೇವಾಲಯ 13ನೆಯ ಶತಮಾನದ ಹೊಯ್ಸಳ ಕೃತಿ. ಹೊಯ್ಸಳರ ಗುಡಿಗಳನ್ನು ಕಡೆದ ಕೈಗಳೆಲ್ಲ ಈ ಸೀಮೆಯವೇ ಅಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ತಮ್ಮ ಹೆಸರು ಬರೆದಿಟ್ಟ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯಿಂದ ಬಂದವರು. ಚೋಳದೇಶದಲ್ಲಿ ಇರಲಾಗದೆ ರಾಮಾನುಜಾಚಾರ್ಯರು ಹೊಯ್ಸಳ ರಾಜ್ಯಕ್ಕೆ ಬಂದು ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದರೆಂದು ಸಂಪ್ರದಾಯ ಹೇಳುತ್ತದೆ. ಜಾವಗಲ್ಲಿನ ದರ್ಗಾದ ಉರುಸಿಗೆ ಹಿಂದುಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಇಂದು ನಾವು 'ನಮ್ಮದು' ಎಂದು ಬೆರಳು ಮಾಡಿ ತೋರಿಸುವುದರಲ್ಲಿ ಎಷ್ಟೋ ಪಾಲು ಒಂದು ಕಾಲಕ್ಕೆ ಹೊರಗಿನಿಂದ ಬಂದದ್ದು.

ಬಂದವರ ಕಥೆ ಹೀಗಾದರೆ ಹೋದವರ ಕಥೆ ಇನ್ನೂ ಹತ್ತಿರದ್ದು. ಮೈಸೂರಿನಲ್ಲಿ ಬೆಳೆದ ಕ್ರಿಕೆಟ್ ಆಟಗಾರ ಶ್ರೀನಾಥರ ಹೆಸರಿನ ಮುಂದೆ ನಿಂತು ಜಾವಗಲ್ಲು ಲೋಕವನ್ನೆಲ್ಲ ಸುತ್ತಿ ಬಂದಿತು. ಹೆಸರಿನ ಮುಂದೆ ಊರನ್ನು ಇಟ್ಟುಕೊಳ್ಳುವ ನಮ್ಮ ಈ ಪದ್ಧತಿ ಒಂದು ಬಗೆಯ ನಂಟು. ಕಾಲು ಬಿಟ್ಟ ಊರನ್ನು ನಾಲಗೆ ಬಿಡದಂತೆ ಕಟ್ಟಿದ ನಂಟು. ಈಗ ಈ ಸೀಮೆಯ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿಂದ ಕೆಲವರು ಅಮೆರಿಕೆಗೆ, ಆಸ್ಟ್ರೇಲಿಯಕ್ಕೆ, ಕೊಲ್ಲಿಯ ನಾಡುಗಳಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ಬೇಲೂರು, ಸಕಲೇಶಪುರಗಳ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಕೂಲಿಯವರು ಬರುತ್ತಾರೆ. ಹೀಗಾಗಿ ಒಂದೇ ಮನೆಯ ಜಗುಲಿಯ ಮೇಲೆ ಎರಡು ಮಾತು ಕೇಳಿಬರುವುದುಂಟು. 'ಅಲ್ಲಿಯವರು ನಮ್ಮ ಹುಡುಗನಿಗೆ ಇನ್ನೂ ಖಾಯಂ ಚೀಟಿ ಕೊಟ್ಟಿಲ್ಲವಂತೆ, ಎಂಥ ಅನ್ಯಾಯ' ಎಂಬುದು ಒಂದು; 'ಎಲ್ಲಿಂದಲೋ ಬಂದವರು ತುಂಬಿಕೊಂಡುಬಿಟ್ಟರು' ಎಂಬುದು ಇನ್ನೊಂದು. ಎರಡನ್ನೂ ಆಡುವವರು ಒಬ್ಬರೇ. ಅವರನ್ನು ಕಪಟಿಗಳೆನ್ನುವುದು ಸುಲಭ. ಆದರೆ ಅವರು ಕಪಟಿಗಳಲ್ಲ. ಒಂದೇ ಪ್ರಶ್ನೆಯ ಎರಡು ಬಾಗಿಲುಗಳಲ್ಲಿ ನಿಂತವರು. ಎರಡು ಬಾಗಿಲಿಗೂ ಒಂದೇ ನ್ಯಾಯ ಸಲ್ಲಬೇಕೆಂದು ಅವರಿಗಿನ್ನೂ ತೋರಿಲ್ಲ, ಅಷ್ಟೆ.

ಆ ನ್ಯಾಯವನ್ನು ಹುಡುಕಲು ನಮ್ಮ ನಾಡಿನಲ್ಲಿಯೇ ದೊಡ್ಡ ಉದಾಹರಣೆಯೊಂದಿದೆ. 1959ರ ಮಾರ್ಚ್ ಕೊನೆಯಲ್ಲಿ ದಲೈ ಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತದ ಗಡಿಯೊಳಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯವನ್ನು ದಾಟಿ ಬಂದರು. ಉತ್ತರದ ಗುಡ್ಡಗಾಡುಗಳಲ್ಲಿ ರಸ್ತೆ ಕಡಿಯುವ ಕೂಲಿ ಮಾಡುತ್ತಿದ್ದ ಆ ಜನರಿಗೆ ನೆಲೆ ಒದಗಿಸಿರೆಂದು ಕೇಂದ್ರ ಸರಕಾರ ರಾಜ್ಯಗಳನ್ನು ಕೇಳಿತು. ಹೆಚ್ಚಿನ ನೆಲ ಕೊಟ್ಟದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟು, 1960ರ ಕೊನೆಯಲ್ಲಿ ಮೊದಲ ತಂಡವನ್ನು ಅಲ್ಲಿ ಇಳಿಸಲಾಯಿತು. ಮುಂದೆ 1966ರಲ್ಲಿ ಮುಂಡಗೋಡಿನಲ್ಲಿ, ಆಮೇಲೆ ಹುಣಸೂರು, ಕೊಳ್ಳೇಗಾಲಗಳ ಕಡೆ ಇಂಥ ನೆಲೆಗಳಾದವು. ಈ ಔದಾರ್ಯಕ್ಕಾಗಿ ದಲೈ ಲಾಮಾ ಅವರು ನಿಜಲಿಂಗಪ್ಪನವರ ಹೆಸರನ್ನು ಇಂದಿಗೂ ಕೃತಜ್ಞತೆಯಿಂದ ಎತ್ತುತ್ತಾರೆ.

ಬಂದವರ ಪಾಡನ್ನು ಊಹಿಸಿಕೊಳ್ಳಬೇಕು. ಹಿಮದ ನಾಡಿನಲ್ಲಿ ಯಾಕ್ ಮೇಯಿಸಿ, ಬಾರ್ಲಿ ಬೆಳೆದು, ಒಣಗಾಳಿಯಲ್ಲಿ ಬದುಕಿದ ಜನ. ಅವರಿಗೆ ಸಿಕ್ಕಿದ್ದು ಬಿಸಿಲು, ಜಡಿಮಳೆ, ಸೊಳ್ಳೆ, ಬಿದಿರುಮೆಳೆ, ರಾತ್ರಿಯಾದರೆ ನುಗ್ಗುವ ಆನೆ. ಇಲ್ಲಿಯ ರೋಗಗಳನ್ನು ಅವರ ಮೈ ಅರಿಯದು. ಇಲ್ಲಿಯ ಮಾತನ್ನು ಅವರ ಕಿವಿ ಅರಿಯದು. ಮರ ಕಡಿದು, ಬೊಡ್ಡೆ ಕಿತ್ತು, ಡೇರೆಗಳಲ್ಲಿ ಮಲಗಿ ಎದ್ದು, ಅನೇಕರು ಮೊದಲ ವರ್ಷಗಳಲ್ಲಿಯೇ ತೀರಿಕೊಂಡರು. ಉಳಿದವರು ಮುಸುಕಿನ ಜೋಳ ಹಾಕಿದರು. ಸಹಕಾರ ಸಂಘ ಕಟ್ಟಿದರು. ಬೇಸಾಯದ ಬಿಡುವಿನಲ್ಲಿ, ಚಳಿಗಾಲ ಬಂದಾಗ, ಊರೂರು ತಿರುಗಿ ಉಣ್ಣೆಯ ಅಂಗಿ ಮಾರಿದರು. ನಮ್ಮ ಪಟ್ಟಣಗಳಲ್ಲಿ ಸ್ವೆಟರಿನ ರಾಶಿಯ ಹಿಂದೆ ಕುಳಿತು ಮುರುಕು ಕನ್ನಡದಲ್ಲಿ ಬೆಲೆ ಹೇಳುತ್ತಿದ್ದ ಹೆಂಗಸರನ್ನು ನೆನೆಯದ ತಲೆಮಾರು ನಮ್ಮಲ್ಲಿಲ್ಲ. 1963ರಲ್ಲಿ ನಾಮ್‌ಡ್ರೋಲಿಂಗ್ ವಿಹಾರಕ್ಕೆ ಬುನಾದಿ ಬಿದ್ದಿತು. ಲ್ಹಾಸಾದ ಹತ್ತಿರ ಶತಮಾನಗಳ ಕಾಲ ಬಾಳಿದ ಸೆರಾ ವಿದ್ಯಾಪೀಠ ಬೈಲಕುಪ್ಪೆಯಲ್ಲಿ ಮತ್ತೆ ತಲೆಯೆತ್ತಿತು. ಇಂದು ಶಾಲೆಯ ಮಕ್ಕಳು ಬಸ್ಸು ತುಂಬಿ ಅಲ್ಲಿಯ ಚಿನ್ನದ ಗುಡಿಯನ್ನು ನೋಡಲು ಹೋಗುತ್ತಾರೆ.

ಇಲ್ಲಿಗೆ ಕಥೆ ಮುಗಿಸಿದರೆ ಎಲ್ಲರಿಗೂ ಸಂತೋಷ. ಕೊಟ್ಟವರು ಧಾರಾಳಿಗಳು, ತೆಗೆದುಕೊಂಡವರು ಕೃತಜ್ಞರು. ಆದರೆ ನೀತಿಯ ಪ್ರಶ್ನೆ ಮೊದಲಾಗುವುದು ಇಲ್ಲಿಂದಲೇ. ಕೃತಜ್ಞತೆ ಒಳ್ಳೆಯ ಗುಣ. ಅದಕ್ಕೆ ಎರಡನೆಯ ಮಾತಿಲ್ಲ. ಆದರೆ ಅದನ್ನು ಎಷ್ಟು ತಲೆಮಾರು ಸಲ್ಲಿಸಬೇಕು? ಡೇರೆಯಲ್ಲಿ ಮಲಗಿದ ಅಜ್ಜ ಕೈಮುಗಿದದ್ದು ಸಹಜ. ಬೈಲಕುಪ್ಪೆಯಲ್ಲಿಯೇ ಹುಟ್ಟಿ, ಕುಶಾಲನಗರದ ಪೇಟೆಯಲ್ಲಿ ಕನ್ನಡದಲ್ಲಿ ವ್ಯಾಪಾರ ಮಾಡಿ, ಕಾವೇರಿಯ ನೀರಲ್ಲದೆ ಬೇರೆ ಹೊಳೆಯ ನೀರನ್ನು ಕಾಣದ ಮೊಮ್ಮಗಳೂ ಅಜ್ಜನಷ್ಟೇ ಬಾಗಿ ಕೈಮುಗಿಯಬೇಕೆಂದು ನಾವು ಬಯಸುವುದಾದರೆ, ನಾವು ಕೊಟ್ಟದ್ದು ನೆಲವೋ ಸಾಲವೋ? ದಾನಕ್ಕೆ ಬಡ್ಡಿಯಿಲ್ಲ. ಮೇಲೆ ಮೇಲೆ ನೆನಪು ಮಾಡಿದ ದಾನ ಬಡ್ಡಿಸಾಲಕ್ಕಿಂತ ಭಾರ. ಸಾಲವನ್ನಾದರೂ ಒಂದು ದಿನ ತೀರಿಸಿ ಪತ್ರ ಹರಿಸಬಹುದು.

ಜರ್ಮನ್ ತತ್ತ್ವಜ್ಞ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪುಸ್ತಕದಲ್ಲಿ ಈ ವಿಚಾರವನ್ನು ಎತ್ತಿದ್ದಾನೆ. ಭೂಮಿ ಗುಂಡಾಗಿರುವುದರಿಂದ ಮನುಷ್ಯರು ಕೊನೆಯಿಲ್ಲದೆ ಚದುರಿಹೋಗಲಾರರು. ಒಬ್ಬರನ್ನೊಬ್ಬರು ಎದುರಾಗಲೇ ಬೇಕು, ಸೈರಿಸಲೇ ಬೇಕು. ಆದ್ದರಿಂದ ಬೇರೆ ನಾಡಿಗೆ ಬಂದವನನ್ನು ಶತ್ರುವೆಂದು ಕಾಣದಿರುವುದು ಧರ್ಮಕಾರ್ಯವಲ್ಲ, ಅವನ ಹಕ್ಕು. ಅವನನ್ನು ಹೊರಗಟ್ಟಿದರೆ ಸಾಯುವನೆಂದಾದಲ್ಲಿ ಅಟ್ಟಕೂಡದು. ಆದರೆ ಕಾಂಟ್ ಇಲ್ಲಿಗೆ ನಿಲ್ಲುತ್ತಾನೆ. ಅದು ಬರುವ ಹಕ್ಕು ಮಾತ್ರ; ನೆಲೆಸುವುದಕ್ಕೆ ಬೇರೆ ಒಪ್ಪಂದ ಬೇಕು ಎನ್ನುತ್ತಾನೆ. ಮನು ಒಂದು ರಾತ್ರಿಯ ಲೆಕ್ಕ ಹೇಳಿದ. ಕಾಂಟ್ ಒಪ್ಪಂದದ ಲೆಕ್ಕ ಹೇಳಿದ. ಆ ಒಪ್ಪಂದದಲ್ಲಿ ಏನಿರಬೇಕೆಂಬುದನ್ನು ಇಬ್ಬರೂ ನಮಗೆ ಬಿಟ್ಟುಹೋದರು.

ಇಷ್ಟರಲ್ಲಿ ಓದುಗರಲ್ಲಿ ಒಬ್ಬರಾದರೂ ಸಿಡುಕಿಕೊಂಡಿರಬೇಕು. 'ಹೊರಗಿನವರ ಹಕ್ಕಿನ ಮಾತು ಆಮೇಲಾಗಲಿ, ನಮ್ಮವರ ಗತಿಯೇನು?' ಎಂದು. ಇದು ತಳ್ಳಿಹಾಕುವ ಮಾತಲ್ಲ. ನಮ್ಮ ಹಾಸನ ಜಿಲ್ಲೆಯಲ್ಲಿಯೇ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಊರುಗಳನ್ನು ನುಂಗಿತು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಇಂದಿಗೂ ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗಿ ನಿಂತು ಆ ಕಥೆಯನ್ನು ಹೇಳುತ್ತದೆ. ಒಕ್ಕಲೆದ್ದ ಜನ ಬೇರೆ ದೇಶಕ್ಕೆ ಹೋದವರಲ್ಲ. ಜಿಲ್ಲೆಯನ್ನೂ ದಾಟದೆ ಪರದೇಶಿಗಳಾದವರು ಅವರಲ್ಲಿದ್ದಾರೆ. ಅವರ ಪುನರ್ವಸತಿಯ ಜಮೀನಿನ ತಕರಾರುಗಳು ದಶಕಗಳ ಕಾಲ ನಡೆದವು. ಹೊರಗಿನವರಿಗೆ ಸಾವಿರಗಟ್ಟಲೆ ಎಕರೆ ಕೊಟ್ಟ ನಾಡು ತನ್ನವರಿಗೆ ಏಕೆ ಕೈ ಬಿಗಿಹಿಡಿಯಿತು? ಮುಳುಗಡೆಯವನೊಬ್ಬ ಹೀಗೆ ಕೇಳಿದರೆ ಅವನಿಗೆ ವಿಶ್ವಮಾನವತೆಯ ಉಪನ್ಯಾಸ ಮಾಡುವುದು ಅಸಭ್ಯತನ.

ಆದರೆ ಈ ಪ್ರಶ್ನೆಯೊಳಗೆ ಒಂದು ಜಾರುವ ಮೆಟ್ಟಿಲಿದೆ. ಮುಳುಗಡೆಯವನಿಗೆ ಅನ್ಯಾಯವಾದದ್ದು ಟಿಬೆಟ್ಟಿನವನಿಗೆ ನ್ಯಾಯವಾದದ್ದರಿಂದಲ್ಲ. ಒಬ್ಬನ ತಟ್ಟೆಯ ಅನ್ನ ಇನ್ನೊಬ್ಬನ ತಟ್ಟೆಗೆ ಹೋದ ಲೆಕ್ಕ ಇದಲ್ಲ. ಬೈಲಕುಪ್ಪೆಯಲ್ಲಿ ನೆಲ ಅಳೆದು, ಮನೆ ಕಟ್ಟಿ, ಬೀಜ ಕೊಟ್ಟು, ಫಸಲು ಕೈಗೆ ಬರುವವರೆಗೆ ಜೊತೆಗೆ ನಿಂತದ್ದು ಏನೆಂದರೆ ಯೋಜನೆ. ಅದೇ ಯೋಜನೆ ಮುಳುಗಡೆಯವನಿಗೂ ಸಲ್ಲಬೇಕಾಗಿತ್ತು. ಹೊರಗಿನವನಿಗೆ ಮಾಡಿದ ಉಪಕಾರ ನಮ್ಮವನಿಗೆ ಮಾಡದ ಉಪಕಾರವನ್ನು ಎತ್ತಿ ತೋರಿಸುವ ಅಳತೆಗೋಲಾಗಬೇಕೇ ಹೊರತು ಮುರಿದು ಹಾಕಬೇಕಾದ ಕೋಲಾಗಬಾರದು.

ಈ ಅಳತೆಗೋಲು ನಿಜವಾಗಿಯೂ ಕೆಲಸ ಮಾಡಿದ ಸಂಗತಿಯೊಂದು ನಮ್ಮ ನಾಡಿನ ಚರಿತ್ರೆಯಲ್ಲಿದೆ. ಹೆಚ್ಚು ಜನಕ್ಕೆ ತಿಳಿಯದು. ಟಿಬೆಟ್ಟಿನ ನಿರಾಶ್ರಿತರನ್ನು ನೆಲೆಗೊಳಿಸುವ ಕೆಲಸಕ್ಕೆ ನೆರವಾಗಲೆಂದು 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಮೈಸೂರು, ಪುನರ್ವಸತಿ, ಅಭಿವೃದ್ಧಿ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಮೈರಾಡ' ಎಂದರು. ನಿರಾಶ್ರಿತರ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಆ ಸಂಸ್ಥೆ ಬಾಗಿಲು ಹಾಕಲಿಲ್ಲ. ಇಲ್ಲಿಯ ಹಳ್ಳಿಗಳ ಬಡವರ ಕಡೆಗೆ ತಿರುಗಿತು. 1980ರ ದಶಕದ ನಡುವಿನಲ್ಲಿ, ದೊಡ್ಡ ಸಹಕಾರ ಸಂಘಗಳು ಒಡೆದ ಕಡೆ, ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನ ಸೇರಿ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಡುವ ಸಣ್ಣ ಗುಂಪುಗಳನ್ನು ಅದು ಬೆಳೆಸಿತು. ನಬಾರ್ಡ್ ಆ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕಿನ ಸಾಲ ಜೋಡಿಸುವ ಯೋಜನೆ ದೇಶದಲ್ಲಿ ಮೊದಲಾಯಿತು. ಇಂದು ಹಳ್ಳಿ ಹಳ್ಳಿಯಲ್ಲಿ ವಾರಕ್ಕೊಮ್ಮೆ ಜಗುಲಿಯ ಮೇಲೆ ಸೇರಿ ಪುಸ್ತಕ ಬರೆಯುವ ಸ್ವಸಹಾಯ ಸಂಘದ ಹೆಂಗಸರಿಗೆ, ತಮ್ಮ ಸಂಘದ ವಂಶವೃಕ್ಷದ ಒಂದು ಬೇರು ಬೈಲಕುಪ್ಪೆಯ ಡೇರೆಗಳವರೆಗೆ ಹೋಗುತ್ತದೆಂದು ಹೇಳಿದರೆ ನಂಬುವರೆ? ಹೊರಗಿನವರನ್ನು ಎತ್ತಲು ಕಲಿತ ಕೈ ಮನೆಯವರನ್ನು ಎತ್ತಿತು. ಬಂದವರಿಂದ ಬರುವ ಲಾಭವೆಂದರೆ ಅವರು ತರುವ ಹಣ, ಕೆಲಸ, ಕೌಶಲಗಳು ಮಾತ್ರವಲ್ಲ. ಅವರಿಗಾಗಿ ನಾವು ಕಲಿತದ್ದೂ ಲಾಭವೇ.

ಇನ್ನು ಪ್ರಶ್ನೆಯ ಇನ್ನೊಂದು ಮುಖ. ಒಕ್ಕಲಾಗುವುದೆಂದರೆ ಹಿಂದಿನದನ್ನು ಮರೆಯುವುದೇ? ಬೈಲಕುಪ್ಪೆಯವರಿಗೆ ಇದು ತರ್ಕದ ಪ್ರಶ್ನೆಯಲ್ಲ, ಮನೆಮನೆಯ ಸಂಕಟ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ನಮ್ಮ ಪೌರತ್ವದ ಕಾನೂನು ಹೇಳುತ್ತದೆ. ಇದು ಟಿಬೆಟ್ಟಿನವರ ಮಕ್ಕಳಿಗೂ ಅನ್ವಯಿಸುತ್ತದೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ತೀರ್ಪಿತ್ತಿತು. ಬಾಗಿಲು ತೆರೆಯಿತು, ಆದರೆ ಎಲ್ಲರೂ ಒಳಗೆ ಬರಲಿಲ್ಲ. ಪ್ರಜೆಗಳಾಗಿಬಿಟ್ಟರೆ ಹಿಂದಿರುಗುವ ಆಸೆಯನ್ನೇ ಬಿಟ್ಟಂತಾಗುವುದಿಲ್ಲವೆ, ಇದಕ್ಕಾಗಿಯೇ ಹಿರಿಯರು ಹಿಮವನ್ನು ದಾಟಿ ಬಂದರೆ ಎಂದು ಹಿಂಜರಿದವರುಂಟು. ಪಾಸ್‌ಪೋರ್ಟಿಲ್ಲದೆ, ಕೆಲಸವಿಲ್ಲದೆ, ಚೀಟಿ ನವೀಕರಿಸುತ್ತಲೇ ಆಯುಸ್ಸು ಕಳೆಯುವುದೆಂತು ಎಂದು ಮುಂದೆ ಬಂದವರೂ ಉಂಟು. ಒಂದೇ ಮನೆಯಲ್ಲಿ ಈ ಎರಡು ಮನಸ್ಸೂ ಇರುತ್ತವೆ. ಹೊರಗೆ ನಿಂತ ನಾವು ಯಾವುದನ್ನು ತಪ್ಪೆನ್ನಲು ಬಂದೀತು?

ನಮ್ಮವರು ಹೊರದೇಶದಲ್ಲಿ ಇದೇ ಸಂಕಟದ ಇನ್ನೊಂದು ರೂಪವನ್ನು ಅನುಭವಿಸುತ್ತಿದ್ದಾರೆ. ಅಮೆರಿಕೆಯ ಬಾಗಿಲು ನಮಗೆ ಸದಾ ತೆರೆದಿದ್ದುದಲ್ಲ. ಭಾರತೀಯನು ಬಿಳಿಯನಲ್ಲವಾದ್ದರಿಂದ ಅವನಿಗೆ ಪೌರತ್ವವಿಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತ್ತು. 1946ರಲ್ಲಿ ಆ ಅಡ್ಡಿ ತೆಗೆದಾಗಲೂ ವರ್ಷಕ್ಕೆ 100 ಜನ ಭಾರತೀಯರಷ್ಟೇ ಬರಬಹುದೆಂದು ಕಟ್ಟು ಹಾಕಿದರು. 1965ರ ಕಾಯಿದೆ ಬಂದ ಮೇಲೆ ನಮ್ಮ ಡಾಕ್ಟರುಗಳೂ ಎಂಜಿನಿಯರುಗಳೂ ಸಾಲುಗಟ್ಟಿ ಹೋದದ್ದು. ಹೋದವನು ಅಲ್ಲಿಯ ಪ್ರಜೆಯಾದ ದಿನವೇ, ನಮ್ಮ ಸಂವಿಧಾನ ಮತ್ತು ಪೌರತ್ವದ ಕಾಯಿದೆಗಳಂತೆ, ಇಲ್ಲಿಯ ಪ್ರಜೆಯಾಗಿ ಉಳಿಯುವುದಿಲ್ಲ. 2005ರಿಂದೀಚೆಗೆ ಸಾಗರೋತ್ತರ ಪೌರನೆಂಬ ಕಾರ್ಡು ಸಿಕ್ಕಬಹುದು. ಆದರೆ ಅದರಿಂದ ಮತ ಹಾಕಲಾಗದು, ಹೊಲ ಕೊಳ್ಳಲೂ ಆಗದು. ಅಪ್ಪನ ತೆಂಗಿನ ತೋಟ ಬಳುವಳಿಯಾಗಿ ಬಂದೀತು. ಪಕ್ಕದ ಎರಡು ಎಕರೆಯನ್ನು ಕೊಂಡು ಸೇರಿಸಿಕೊಳ್ಳುವಂತಿಲ್ಲ. ಬೈಲಕುಪ್ಪೆಯವನೂ ತಾನು ಉಳುವ ನೆಲದ ಒಡೆಯನಲ್ಲ. ನೆಲ ಸರಕಾರದ್ದು, ಅವನದು ಗುತ್ತಿಗೆ. ಒಬ್ಬ ಬಂದ ನಾಡಿನಲ್ಲಿ, ಇನ್ನೊಬ್ಬ ಬಿಟ್ಟ ನಾಡಿನಲ್ಲಿ, ಬೇಸಾಯದ ನೆಲದ ಅಂಚಿಗೆ ಬಂದು ನಿಲ್ಲುತ್ತಾರೆ. ಕಾನೂನಿಗೆ ಅದರದೇ ಕಾರಣಗಳಿರುತ್ತವೆ. ಆದರೂ ಇಬ್ಬರ ಮನಸ್ಸನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಮನುಷ್ಯನಿಗೆ ನೆಲದ ಮೇಲಿನ ಆಸೆ ಬರಿಯ ಆಸ್ತಿಯ ಆಸೆಯಲ್ಲವೆಂದು ತಿಳಿಯುತ್ತದೆ.

ಬೇರನ್ನು ಮರೆಯದೆಯೂ ಒಕ್ಕಲಾಗಬಹುದೆಂಬುದಕ್ಕೆ ಸಾಕ್ಷಿ ಹುಡುಕಬೇಕಾದರೆ ಬೈಲಕುಪ್ಪೆಯಿರುವ ತಾಲ್ಲೂಕಿನಲ್ಲಿಯೇ ಬೆಟ್ಟದಪುರಕ್ಕೆ ಹೋಗಬೇಕು; ಇಲ್ಲವೆ ಹಾಸನದ ಪಕ್ಕದ ಕೌಶಿಕಕ್ಕೆ. ಹಲವು ಶತಮಾನಗಳ ಹಿಂದೆ ತಮಿಳುನಾಡಿನ ಚೆಂಗೋಟೆಯ ಕಡೆಯಿಂದ ಹೊರಟ ಸಂಕೇತಿ ಜನ ಈ ಎರಡು ಊರುಗಳಲ್ಲಿ ಮೊದಲು ನೆಲೆಸಿದರು. ನಾಚಾರಮ್ಮನೆಂಬ ವಿದುಷಿಗೆ ಅಲ್ಲಿ ಆದ ಅವಮಾನವೇ ಆ ಹೊರಡುವಿಕೆಗೆ ಕಾರಣವೆಂಬುದು ಅವರ ಐತಿಹ್ಯ. ಮನೆಯೊಳಗೆ ತಮಿಳು, ಮಲಯಾಳ, ಕನ್ನಡಗಳು ಬೆರೆತ ಒಂದು ಮಾತು ಇಂದಿಗೂ ಅವರಲ್ಲಿ ಉಳಿದಿದೆ. ಅದರಿಂದ ಕನ್ನಡಕ್ಕೆ ಏನಾದರೂ ನಷ್ಟವಾಯಿತೆ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘವನ್ನು ಕಟ್ಟಿ, 'ಪ್ರಬುದ್ಧ ಕರ್ನಾಟಕ'ವನ್ನು ಹೊರಡಿಸಿ, 'ವಚನ ಭಾರತ'ವನ್ನು ಕೊಟ್ಟ ಎ. ಆರ್. ಕೃಷ್ಣಶಾಸ್ತ್ರಿಗಳು ಆ ಜನಾಂಗದವರು. ಮನೆಯಲ್ಲಿ ಮರಾಠಿ ಆಡಿದ ಬೇಂದ್ರೆಯವರಿಗೂ ತಮಿಳು ಆಡಿದ ಮಾಸ್ತಿಯವರಿಗೂ ಕನ್ನಡದ ಹೆಸರಿನಲ್ಲಿಯೇ ಜ್ಞಾನಪೀಠ ಬಂದದ್ದು. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರ ಮನೆಮಾತೂ ತಮಿಳಿನದೇ ಒಂದು ಬಗೆ. ಹೇಮಾವತಿಯ ದಡದ ಹಳ್ಳಿಯ ಬಾಳನ್ನು ಅವರಂತೆ ಕನ್ನಡದಲ್ಲಿ ಹಿಡಿದವರು ಎಷ್ಟು ಜನ? ಅದೇ ಗೊರೂರರು ಮುಪ್ಪಿನಲ್ಲಿ ಅಮೆರಿಕೆಗೆ ಹೋಗಿಬಂದು 'ಅಮೆರಿಕಾದಲ್ಲಿ ಗೊರೂರು' ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಎಂದೋ ವಲಸೆ ಬಂದ ಸಮುದಾಯದ ಮಗನೊಬ್ಬ, ಹೊಸದಾಗಿ ವಲಸೆ ಹೋದವರ ಬಾಳನ್ನು, ತಾನು ಒಕ್ಕಲಾದ ನೆಲದ ಭಾಷೆಯಲ್ಲಿ ಬರೆದ.

ಮರೆಯಲೇ ಬೇಕೆಂದು ಒತ್ತಾಯಿಸುವುದರಿಂದ ಆಗುವ ಕೇಡನ್ನು 1943ರಲ್ಲಿ ಹಾನಾ ಆರೆಂಟ್ ಎಂಬ ಯಹೂದಿ ಚಿಂತಕಿ ನಿರಾಶ್ರಿತರನ್ನು ಕುರಿತ ಲೇಖನವೊಂದರಲ್ಲಿ ತೋರಿಸಿದ್ದಾಳೆ. ಆಕೆ ಸ್ವತಃ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡವಳು. ಹೋದ ಹೋದ ದೇಶದಲ್ಲೆಲ್ಲ ಅಲ್ಲಿಯವರಿಗಿಂತ ಹೆಚ್ಚು ಅಲ್ಲಿಯವರಾಗಲು ಹೆಣಗುವ, ಹಿಂದಿನ ದುಃಖವನ್ನು ಬಾಯಿಬಿಟ್ಟು ಹೇಳಲು ನಾಚುವ, ಸದಾ ನಗುಮುಖದ ನಿರಾಶ್ರಿತನನ್ನು ಆಕೆ ಚಿತ್ರಿಸುತ್ತಾಳೆ. ಅಂಥವನಿಗೆ ಯಾವ ದೇಶವೂ ದಕ್ಕುವುದಿಲ್ಲ. ತನ್ನ ತಾಯಿಯ ಮಾತನ್ನು ಬೀದಿಯಲ್ಲಿ ಆಡಲು ಅಂಜುವವನು ನಮ್ಮ ಮಾತನ್ನು ಪ್ರೀತಿಯಿಂದ ಕಲಿಯಲಾರ, ಭಯದಿಂದ ಕಲಿತಾನು. ಭಯದಿಂದ ಕಲಿತದ್ದು ಪೇಟೆಗೆ ಸಾಕು, ಬಾಳಿಗೆ ಸಾಲದು.

ಹಾಗೆಂದು ಬಂದವನ ಮೇಲೆ ಹೊಣೆಯೇ ಇಲ್ಲವೆಂದಲ್ಲ. ಊರ ಮಾತನ್ನು ಕಲಿಯುವುದು ಅವನ ಮೊದಲ ಹೊಣೆ. ಮನೆಮಾತನ್ನು ಬಿಡಬೇಕಾಗಿಲ್ಲ, ಆದರೆ ಹತ್ತು ವರ್ಷ ಒಂದು ಊರಿನ ಅನ್ನ ಉಂಡು ಆ ಊರಿನ ಮುದುಕಿಯ ಯೋಗಕ್ಷೇಮವನ್ನು ಅವಳ ಮಾತಿನಲ್ಲಿ ಕೇಳಲಾಗದವನು ತನ್ನನ್ನು ತಾನೇ ಅತಿಥಿಯ ಪಡಸಾಲೆಯಲ್ಲಿ ಕೂಡಿಹಾಕಿಕೊಂಡಂತೆ. ಇದು ಬೆಂಗಳೂರಿಗೆ ಬಂದವರಿಗೂ ಸಲ್ಲುವ ಮಾತು, ಬೆಂಗಳೂರಿನಿಂದ ಹೋದವರಿಗೂ ಸಲ್ಲುವ ಮಾತು. ಎರಡನೆಯದು ಊರ ಕೆಲಸಕ್ಕೆ ಹೆಗಲು ಕೊಡುವುದು. ಹಿಂದೆ ಕೆರೆಯ ಹೂಳೆತ್ತುವಾಗ ಮನೆಗೊಂದು ಆಳಿನಂತೆ ಒಕ್ಕಲುಗಳೆಲ್ಲ ಬರಬೇಕಾಗಿತ್ತು. ಇಂದು ಕೆರೆಯ ಜಾಗದಲ್ಲಿ ತೆರಿಗೆ, ಶಾಲೆ, ಆಸ್ಪತ್ರೆ, ಬೀದಿಯ ಶುಚಿತ್ವ ಇವೆಲ್ಲ ಇವೆ. ಬರಿಯ ಕಾನೂನು ಮೀರದೆ ಇರುವುದು ಅತಿಥಿಯ ಮರ್ಯಾದೆ. ಹೂಳಿಗೆ ಇಳಿಯುವುದು ಒಕ್ಕಲಿನ ಲಕ್ಷಣ.

ಊರು ಬಿಡಬೇಕಾದ್ದು ಒಂದೇ, ಆದರೆ ಅದು ಕಷ್ಟದ್ದು: ಬಂದವನ ಬಾಯಿಂದ ಹೊಗಳಿಕೆಯನ್ನು ಮಾತ್ರ ಕೇಳುವ ಚಟ. ಅತಿಥಿಗೆ ಸಾರು ಉಪ್ಪಾದರೂ ಚೆನ್ನಾಗಿದೆ ಎನ್ನಬೇಕಾದ ಕರ್ಮ. ಉಪ್ಪು ಹೆಚ್ಚಾಯಿತೆಂದು ಗೊಣಗುವ ಹಕ್ಕಿರುವುದು ಮನೆಯವನಿಗೆ. ಮನುಷ್ಯನೊಬ್ಬ ಒಂದು ಊರಿಗೆ ಸೇರಿದನೋ ಇಲ್ಲವೋ ತಿಳಿಯಬೇಕಾದರೆ ಅವನ ಕಾಗದಪತ್ರಗಳಿಗಿಂತ ಇದನ್ನು ನೋಡುವುದು ಮೇಲು: ಅವನು ಊರಿನ ಚರಂಡಿಯ ಬಗ್ಗೆ ದೂರು ಹೇಳಿದಾಗ ಊರವರು 'ಹೌದು, ಸರಿಮಾಡಬೇಕು' ಎನ್ನುತ್ತಾರೆಯೋ, 'ಬೇಡವಾದರೆ ಬಂದ ದಾರಿ ಹಿಡಿ' ಎನ್ನುತ್ತಾರೆಯೋ? ಎರಡನೆಯ ಉತ್ತರ ನಾಲಗೆಯ ತುದಿಯಲ್ಲಿರುವವರೆಗೂ ನಮ್ಮ ಆತಿಥ್ಯ ಎಷ್ಟು ದೊಡ್ಡದಾದರೂ ಬಂದವನು ಪರದೇಶಿಯೇ. ಅಮೆರಿಕೆಯಲ್ಲಿ ನಮ್ಮ ಹುಡುಗನಿಗೆ ಯಾರಾದರೂ ಆ ಉತ್ತರ ಕೊಟ್ಟರೆ ನಮಗೆ ಎದೆಗೆ ನಾಟುತ್ತದೆ. ಬೇಲೂರಿನ ತೋಟದ ಲೈನ್ ಮನೆಯಲ್ಲಿ ನೀರು ಬರುತ್ತಿಲ್ಲವೆಂದು ಅಸ್ಸಾಮಿನ ಹೆಂಗಸೊಬ್ಬಳು ಹೇಳಿದಾಗ ಅದೇ ಉತ್ತರ ನಮ್ಮ ಬಾಯಿಂದ ಬರಬಾರದಲ್ಲವೆ? ಅವಳಂತೂ ಪರದೇಶದವಳೂ ಅಲ್ಲ. ಭಾರತದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಅವಳಿಗೆ ಕೊಟ್ಟಿದೆ. ಅವಳ ಪಾಲಿಗೆ ಕಾಂಟನ ಒಪ್ಪಂದ ಆಗಲೇ ರುಜುವಾಗಿದೆ. ಅದನ್ನು ಓದಿಕೊಳ್ಳಬೇಕಾದವರು ನಾವು.

ನೆರೆ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಪಕ್ಕದ ಮನೆಯೂ ನೆರೆ, ಹೊಳೆ ದಡ ಮೀರಿ ಬಂದರೂ ನೆರೆ. ಹೊರಗಿನ ಜನ ಬಂದಾಗ ಊರಿಗೆ ಮೊದಲು ಹೊಳೆಯುವುದು ಎರಡನೆಯ ಅರ್ಥವೇ. ಆ ಭಯವನ್ನು ಹಳಿಯಬೇಕಾಗಿಲ್ಲ. ಕೂಲಿಯ ದರ, ಬಾಡಿಗೆ, ಶಾಲೆಯ ಜಾಗ ಇವುಗಳ ಲೆಕ್ಕ ಬಡವನಿಗೆ ಮೊದಲು ತಟ್ಟುತ್ತದೆ, ಅದಕ್ಕೆ ಸರಕಾರ ಜವಾಬು ಹೇಳಬೇಕು. ಆದರೆ ಮೊದಲನೆಯ ಅರ್ಥ ಹುಟ್ಟಲು ಸರಕಾರ ಬೇಕಾಗಿಲ್ಲ. ಹೊಸದಾಗಿ ಬಂದ ಮನೆಯವರ ಹೆಸರನ್ನು ಸರಿಯಾಗಿ ಕಲಿತು ಕರೆದರೆ ಅಲ್ಲಿಂದ ಮೊದಲಾಯಿತು. ಅವರ ಮಗುವಿಗೆ ಜ್ವರ ಬಂದ ರಾತ್ರಿ ನಾವು, ನಮ್ಮ ಮನೆಯ ಸಾವಿನ ದಿನ ಅವರು, ಕರೆಯದೆ ಹೋದರೆ ಅಲ್ಲಿಗೆ ಉಪಕಾರದ ಲೆಕ್ಕ ತಪ್ಪಿಹೋಗುತ್ತದೆ. ಯಾರು ಯಾರಿಗೆ ಕೊಟ್ಟರೆಂಬುದು ನೆನಪಿನಲ್ಲಿ ನಿಲ್ಲುವುದಿಲ್ಲ. ಆ ಮರೆವು ಬಂದ ದಿನದಿಂದ ಅವರನ್ನು ಅತಿಥಿಗಳೆಂದು ಕರೆಯಬೇಕಾದ ಅಗತ್ಯ ತೀರುತ್ತದೆ.